ಎಡಸೀಟಿನ ಭಾರ

ಕೂಬರ್ ಪೀಡಿ,
ಮಂಗಳವಾರ

ಮರ್ವಿನ್,

ಲಕ್ವ ಹೊಡೆದ ಮೇಲೆ ಫೋನಿನಲ್ಲಿ ನಿನ್ನ ಮಾತು ನನಗೆ ತಿಳಿಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನರ್ಸ್ ಓದಿ ಹೇಳಲಿ.

ಕ್ಯಾರವಾನ್ ಮಾರುವುದಿಲ್ಲ. ಶುಕ್ರವಾರ ನಾನೇ ಅದನ್ನು ಕಾರಿಗೆ ಕಟ್ಟಿ ಎಳೆದುಕೊಂಡು ಪೋರ್ಟ್ ಅಗಸ್ಟಾದ ನಿನ್ನ ಆಸ್ಪತ್ರೆಗೆ ಬರುತ್ತೇನೆ. ಇಪ್ಪತ್ತೆರಡು ವರ್ಷ ನೀನು ಟೇಪು ಹಿಡಿದು ಕಾರಿನ ಮೂತಿಯ ಎತ್ತರ ಅಳೆಯುವಾಗಲೆಲ್ಲ ನನ್ನನ್ನು ಕಾರಿನಲ್ಲಿ ಮೂಟೆಯ ಹಾಗೆ ಕೂರಿಸಿದೆ. ನಾನು ಪಕ್ಕದ ಕನ್ನಡಿಯಲ್ಲಿ ನೋಡಿ ನೋಡಿ ಕಲಿತಿದ್ದೇನೆ.

ಇವತ್ತು ಡ್ರೈವರ್ ಸೀಟಿನಲ್ಲಿ ನನ್ನ ಬದಲು ಪಕ್ಕದ ಕ್ಯಾರವಾನಿನ ಕ್ಲೆಮ್‌ನನ್ನು ಕೂರಿಸಿದೆ. ಎಡಸೀಟಿನಲ್ಲಿ ನಿನ್ನ ಬದಲು ನಾಲ್ಕು ನೀರಿನ ಕ್ಯಾನು ಪೇರಿಸಿ ಬೆಲ್ಟ್ ಹಾಕಿದೆ. ಎಂಬತ್ತು ಕಿಲೋ, ನಿನ್ನ ತೂಕ. ಕ್ಲೆಮ್ ನಕ್ಕ.

"ಹೋಗೋದು ನೀನೊಬ್ಳೇ, ಇದೆಲ್ಲ ಯಾಕೆ ಡೊರೀನ್?"

"ಬರೋವಾಗ ಗಂಡ ಇರ್ತಾನೆ. ಎರಡೆರಡು ಸಲ ಕೈಗೆ ಗ್ರೀಸ್ ಮೆತ್ಕೊಳೋಕೆ ನನ್ನಿಂದಾಗಲ್ಲ. ಸುಮ್ನೆ ಕೂತ್ಕೋ."

ಕ್ಯಾರವಾನ್ ತಗುಲಿಸಿದೊಡನೆ ಕಾರಿನ ಹಿಂಭಾಗ ಕುಸಿದು ಮೂತಿ ಎರಡು ಬೆರಳಿನಷ್ಟು ಎದ್ದಿತು. ಕಾರಿಗೆ ಅದನ್ನು ಜೋಡಿಸುವ ಹಿಚ್‌ನ ಎರಡೂ ಸರಪಳಿಗಳನ್ನು ಒಂದೊಂದೇ ಕೊಂಡಿಯಷ್ಟು ಬಿಗಿ ಮಾಡುತ್ತ ಹೋದೆ. ಐದನೆಯ ಕೊಂಡಿಗೆ ಭಾರ ಮುಂದಿನ ಚಕ್ರಗಳಿಗೆ ಮರಳಿ, ಮೂತಿ ಇಳಿದು ಟೇಪಿನ ಮೇಲೆ ನೀನು ಹಾಕಿದ್ದ ಪೆನ್ಸಿಲ್ ಗುರುತಿಗೆ ಸರಿಯಾಗಿ ನಿಂತಿತು. ನಿನ್ನ ಲೆಕ್ಕವೂ ಐದೇ ಇತ್ತು.

ಒಂದೇ ತೊಡಕು. ನೀನು ಬಹಳ ಇಳಿದುಹೋಗಿದ್ದೀಯೆಂದು ನರ್ಸ್ ಹೇಳಿದಳು. ತೂಕ ನೋಡಿಸಿ ಗುರುವಾರದೊಳಗೆ ಅವಳಿಂದ ಹೇಳಿಸು. ಎಷ್ಟು ಇಳಿದಿದ್ದೀಯೋ ಅಷ್ಟು ನೀರು ಚೆಲ್ಲಿ ಮತ್ತೆ ಅಳೆಯಬೇಕು.

ಈ ಮರುಭೂಮಿಯ ಊರಿನಲ್ಲಿ ನೀರು ಚೆಲ್ಲುವುದಕ್ಕೆ ನನಗೆ ಮನಸ್ಸಿಲ್ಲ. ಅಲ್ಲಿ ಕೊಟ್ಟಿದ್ದನ್ನು ತಿನ್ನು.

ಡೊರೀನ್