ಒಟ್ಟಿಗೇ ಫೇಲಾದವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಇದನ್ನು ಓದುತ್ತಿದ್ದರೆ ಮೊದಲು ಅವಳಿಗೊಂದು ಮುತ್ತು, ಆಮೇಲೆ ನಿನಗೊಂದು ನಮಸ್ಕಾರ.

ದಯವಿಟ್ಟು ಹರಿದುಹಾಕಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ಒಂದೇ ಒಂದು ಸಲ ಮಗುವಿನ ಕೈಗೆ ಕೊಟ್ಟು ಎದ್ದುಹೋದೆ. ಅದರ ಜೊತೆ ನಾನು ಬಹಳ ಹೊತ್ತು ಮಾತನಾಡಿದೆ. ಹಲ್ಲು ಬಂದಿಲ್ಲ ಅನ್ನುವುದೊಂದು ಬಿಟ್ಟರೆ ಬೈಯುವುದರಲ್ಲಿ ನಿನ್ನದೇ ಅಚ್ಚು. ಬೇರೆ ದಾರಿ ಕಾಣದೆ ಕಾಗದ ಹಿಡಿದು ಕೂತಿದ್ದೇನೆ.

ನೀನು ಕೊನೆಯ ಸಲ ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಸ್ವಂತ ಭಾವನ ಕಾಲೆಳೆದು ಗಾಡಿಯಿಂದ ಇಳಿಸಿದ್ಯಲ್ಲೇ, ನಿನಗೇನಾದ್ರೂ ಕರುಳು ಅನ್ನೋದು ಇದ್ಯಾ?" ಅಂದೆ. ಆಗ ನಾನು ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳಬೇಡ, ಬಾಯಿಗೆ ಬೀಗ ಬಿದ್ದಿತ್ತು. ಇವತ್ತು ಆ ಬೀಗ ತೆಗೆದಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ಬೈಯುವುದಿದ್ದರೆ ಬೈ.

ಅಗ್ನಿಶಾಮಕ ಠಾಣೆಯಲ್ಲಿ ನಾನು ಬಸ್ಕಿ ಹೊಡೆಸುತ್ತೇನೆ ಎಂದೇ ನೀನು ನೆಂಟರಿಗೆಲ್ಲ ಹೇಳುತ್ತಿರುವುದು ನನಗೆ ಗೊತ್ತು. ಬಸ್ಕಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಇಲಾಖೆಯವರು ನನ್ನನ್ನು ಕರೆಸಿದ್ದು ಅದಕ್ಕಲ್ಲ. ಪಕ್ಕದ ಠಾಣೆಯ ಒಬ್ಬರು ಬೆಂಕಿಯನ್ನೆಲ್ಲ ಆರಿಸಿ, ಹೊರಗೆ ಬಂದು, ಹೆಲ್ಮೆಟ್ಟು ತೆಗೆದು, ನೀರು ಕೊಡಿ ಎಂದು ಕೈ ಚಾಚಿದವರು ಹಾಗೆಯೇ ಕುಸಿದರು. ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಎದೆ ನಿಂತಿತ್ತು. ಆಮೇಲೆ ಪ್ರತಿ ಠಾಣೆಗೂ ಒಬ್ಬ ಡಾಕ್ಟರು, ಒಬ್ಬ ತರಬೇತಿಯವರು ಬಂದರು. ನಿನ್ನ ಗಂಡ ಮುಖ್ಯಸ್ಥರಾಗಿರುವ ಠಾಣೆಗೇ ನನ್ನನ್ನು ಹಾಕಿದ್ದು ನನ್ನ ಹಣೆಬರಹ.

ಮೊದಲ ದಿನ ಅಲ್ಲಿ ಕಾಲಿಟ್ಟಾಗ ನಾನು ಬೆಪ್ಪಾಗಿ ನಿಂತೆ. ಕೆಂಪು ಗಾಡಿಯ ಪಕ್ಕದಲ್ಲಿ ಬೂಟುಗಳ ಸಾಲು, ಪ್ರತಿ ಬೂಟಿನ ಸುತ್ತ ಮಡಚಿ ಇಳಿಬಿಟ್ಟ ಪ್ಯಾಂಟು. ಗಂಟೆ ಹೊಡೆದರೆ ಬೂಟಿನೊಳಗೆ ಕಾಲಿಟ್ಟು ಪ್ಯಾಂಟು ಮೇಲೆಳೆದರೆ ಆಯಿತು, ಮನುಷ್ಯ ತಯಾರು. ಹಿತ್ತಲಲ್ಲಿ ಹೊಗೆ ಹಿಡಿದ ಕಿಟಕಿಗಳ ಅಭ್ಯಾಸದ ಗೋಪುರ, ಬರೀ ಮೆಟ್ಟಿಲು ಮತ್ತು ಗೋಡೆ. ಅಡುಗೆಕೋಣೆಯಲ್ಲಿ ಮಾತ್ರ ಯಾವಾಗಲೂ ಎಣ್ಣೆ ಕಾಯುತ್ತಿತ್ತು. ಡ್ರೈವರಣ್ಣ ಎಂದು ಎಲ್ಲರೂ ಕರೆಯುವ ಗಾಡಿಯ ಚಾಲಕ ಕರಿದದ್ದರ ತಟ್ಟೆಯನ್ನೇ ನನ್ನ ಮುಂದೆ ಹಿಡಿದು ಸ್ವಾಗತಿಸಿದ. ಅವನ ಹೊಟ್ಟೆ ಸ್ಟೇರಿಂಗಿಗೆ ತಾಗಿದರೆ ಹಾರ್ನು ಬೇರೆ ಬೇಡ ಎಂದು ಅವರವರೇ ಆಡಿಕೊಳ್ಳುತ್ತಾರೆ.

ಮೊದಲ ಪರೀಕ್ಷೆ ಇಟ್ಟೆ. ಬೆನ್ನಿಗೆ ಗಾಳಿಯ ಸಿಲಿಂಡರು, ಹೆಗಲಿಗೆ ಸುತ್ತಿದ ಪೈಪು, ಗೋಪುರದ ತುದಿಯವರೆಗೆ ಹತ್ತಿ ಇಳಿಯಬೇಕು, ಇಷ್ಟು ಹೊತ್ತಿನೊಳಗೆ. ಒಬ್ಬೊಬ್ಬರಾಗಿ ಬನ್ನಿ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಸೀಟಿ ಊದಿದೆ. ಅವರು ಹೊರಟದ್ದು ಒಟ್ಟಿಗೆ, ಹತ್ತಿದ್ದು ಒಟ್ಟಿಗೆ, ಇಳಿದದ್ದೂ ಒಟ್ಟಿಗೆ. ಹೊತ್ತು ಮೀರಿಹೋಗಿತ್ತು. ಇಡೀ ಠಾಣೆ ಫೇಲು.

ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ನನಗೆ ಉರಿದುಹೋಯಿತು. ಅವರಲ್ಲಿ ಏಣಿ ಎಂಬ ಅಡ್ಡಹೆಸರಿನ ಉದ್ದನೆಯ ಹುಡುಗಿಯೊಬ್ಬಳಿದ್ದಾಳೆ. ಬೇರೆ ದಿನ ಎರಡೆರಡು ಮೆಟ್ಟಿಲು ಹಾರಿ ಹತ್ತುವವಳು ಅವತ್ತು ಬಸವನಹುಳುವಿನ ಹಾಗೆ ತೆವಳಿದಳು. ಮರುದಿನ ಮತ್ತೆ ಹತ್ತಿಸಿದೆ. ಮತ್ತೆ ಅದೇ ಕಥೆ. ಮೂಗಿಗೆ ಕವಡೆ ಕಟ್ಟಿಕೊಂಡು ದುಡಿದು ಈ ಕೆಲಸ ಸಂಪಾದಿಸಿದ್ದೇನೆ, ನಿಮ್ಮ ಆಟಕ್ಕೆ ನಾನು ಸಿಗುವವಳಲ್ಲ ಎಂದು ಕೂಗಾಡಿದೆ. ಕೊನೆಗೆ ಡಾಕ್ಟರಮ್ಮನೇ ನನ್ನನ್ನು ಪಕ್ಕಕ್ಕೆ ಕರೆದು, "ಅವರು ಹೊಗೆಯೊಳಗೆ ಹೇಗೆ ನಡೀತಾರೆ ಅಂತ ನೋಡಿದ್ದೀಯಾ?" ಎಂದು ಕೇಳಿದರು.

ಅಕ್ಕ, ಇಷ್ಟು ವರ್ಷ ಅವರ ಜೊತೆ ಬಾಳಿದ ನಿನಗೂ ಇದು ಗೊತ್ತಿದೆಯೋ ಇಲ್ಲವೋ. ಹೊಗೆಯೊಳಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಜೋಡಿ ಜೋಡಿಯಾಗಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ನಿಧಾನದವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಗಾಳಿ ಮುಗಿಯುತ್ತ ಬಂದರೆ ಸಿಲಿಂಡರು ಕೂಗಿಕೊಳ್ಳುತ್ತದೆ. ಯಾರದು ಮೊದಲು ಕೂಗಿದರೂ ಇಬ್ಬರೂ ಹೊರಗೆ ಬರಬೇಕು. ಅದು ಅವರಿಗೆ ರಕ್ತಗತ. ಗೋಪುರದಲ್ಲೂ ಅವರು ಅದನ್ನೇ ಮಾಡಿದ್ದರು. ಗೇಲಿ ಅಲ್ಲ, ಯಾರೋ ಒಬ್ಬರನ್ನು ನಡುವೆ ಇಟ್ಟುಕೊಂಡು ನನ್ನ ಕಣ್ಣಿಂದ ಮರೆಮಾಡುತ್ತಿದ್ದರು. ನನಗೆ ಅವರ ಮೇಲಿನ ಸಿಟ್ಟು ಇಳಿದು ಗೌರವ ಹುಟ್ಟಿದ್ದು ಆಗ.

ಆದರೆ ಗೌರವ ಇಟ್ಟುಕೊಂಡು ಏನು ಮಾಡಲಿ? ಎಲ್ಲರೂ ಫೇಲಾದರೆ ಗಾಡಿ ಬೇರೆ ಠಾಣೆಯವರ ಕೈಗೆ ಹೋಗುತ್ತದೆ. ಮಧ್ಯಾಹ್ನ ಊಟದ ಕೋಣೆಗೆ ಹೋಗಿ, ಯಾರನ್ನು ಮುಚ್ಚಿಡುತ್ತಿದ್ದೀರಿ ಹೇಳಿ, ಅವರನ್ನು ಮನೆಗೆ ಕಳಿಸುವುದಕ್ಕಲ್ಲ, ಸರಿಮಾಡುವುದಕ್ಕೆ ನಾನು ಬಂದಿರುವುದು ಎಂದೆ. ಯಾರೂ ತಲೆ ಎತ್ತಲಿಲ್ಲ. ಡ್ರೈವರಣ್ಣನಂತೂ ತಟ್ಟೆಯಲ್ಲಿ ಏನೋ ಬಿದ್ದಿದೆ ಅನ್ನುವ ಹಾಗೆ ಹುಡುಕುತ್ತಿದ್ದ.

ಆಗ ಭಾವ ಎದ್ದು ನಿಂತರು.

"ನಾನೇ. ನನ್ನಿಂದಲೇ ಇವರೆಲ್ಲ ನಿಧಾನ. ಬರ್ಕೊಳ್ಳಿ ಮೇಡಂ," ಎಂದರು. ನನ್ನನ್ನು ಎತ್ತಿ ಆಡಿಸಿದ ಮನುಷ್ಯ ನನ್ನನ್ನು ಮೇಡಂ ಎಂದರು. ಡ್ರೈವರಣ್ಣ "ಸಾರ್, ಕೂತ್ಕೊಳ್ಳಿ ಸಾರ್" ಎಂದು ತೋಳು ಹಿಡಿದು ಎಳೆದ. ಭಾವ ಕೂರಲಿಲ್ಲ. ಬಟ್ಟೆ ಗೋದಾಮಿನ ಬೆಂಕಿಯ ವಿಷಯ ಹೇಳಿದರು. ಅವತ್ತು ಅವರು ಮತ್ತು ಏಣಿ ಜೋಡಿ. ಅವರ ಎದೆ ಏದುಸಿರು ಬಿಟ್ಟು ಗಾಳಿಯನ್ನೆಲ್ಲ ಕುಡಿದುಬಿಟ್ಟಿತು. ಅವರ ಸಿಲಿಂಡರು ಮೊದಲು ಕೂಗಿತು. ಏಣಿಯದರಲ್ಲಿ ಇನ್ನೂ ಬೇಕಾದಷ್ಟಿತ್ತು, ಆದರೂ ಅವಳು ಜೊತೆಗೇ ಹೊರಗೆ ಬಂದಳು. ಒಂದು ಕೋಣೆ ನೋಡದೆ ಉಳಿಯಿತು. ಆಮೇಲೆ ಒಳಗೆ ಹೋದ ಜೋಡಿಗೆ ಆ ಕೋಣೆಯಲ್ಲಿ ಕಾವಲುಗಾರ ಸಿಕ್ಕ.

"ಬದುಕಿದ. ಅದು ಅವನ ಪುಣ್ಯ, ನನ್ನ ಕೆಲಸ ಅಲ್ಲ," ಎಂದರು ಭಾವ. ಆಮೇಲೆ ಹೊರಗೆ ಹೋಗಿ, ಗಾಡಿಯ ಕೊಕ್ಕೆಯಿಂದ ತಮ್ಮ ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಇಳಿಸಲಿಲ್ಲ ಅಕ್ಕ. ಅವರೇ ಇಳಿದರು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ರಕ್ತದೊತ್ತಡ ಮೇಲೆ ಹತ್ತಿ ಕೂತಿತ್ತು, ಉಸಿರು ಕೆಳಗೆ ಇಳಿದಿತ್ತು, ತೂಕದ ಮಾತು ನಾನು ಹೇಳುವುದಿಲ್ಲ, ನಿನ್ನ ಕೈಯಡುಗೆಗೆ ಅವಮಾನ. ಮಾತ್ರೆ, ನಡಿಗೆ, ಆಮೇಲೆ ಬರಿಗೈಯಲ್ಲಿ ಮೆಟ್ಟಿಲು, ಆಮೇಲೆ ಪೈಪು ಹೊತ್ತು. ನೀನು ಮಗಳ ಬಾಣಂತನಕ್ಕೆ ಹೋದದ್ದರಿಂದ ಮನೆಯಲ್ಲಿ ತುಪ್ಪದ ಕೈ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು. ಅವರೊಬ್ಬರೇ ಬೇಯಿಸಿದ ತರಕಾರಿ ತಿನ್ನುವುದನ್ನು ನೋಡಲಾರದೆ ಠಾಣೆಯವರೆಲ್ಲ ಅದನ್ನೇ ತಿಂದರು. ಡ್ರೈವರಣ್ಣ ಮಾತ್ರ ಕರಿದದ್ದನ್ನು ಪೊಟ್ಟಣ ಕಟ್ಟಿ ಯಾರೂ ಹಾಕದ ಬೂಟಿನೊಳಗೆ ಬಚ್ಚಿಟ್ಟ. ವಾಸನೆ ಹಿಡಿದು ಅದನ್ನು ಪತ್ತೆಹಚ್ಚಿದವಳು ಏಣಿ. ಅವತ್ತಿನಿಂದ ಅವನೂ ಗೋಪುರ ಹತ್ತುತ್ತಾನೆ, ಬೈಯುತ್ತ ಹತ್ತುತ್ತಾನೆ.

ನನಗೆ ನೋಡಲಾಗದೆ ಇದ್ದದ್ದು ಬೇರೆ. ಗಾಡಿ ಹತ್ತುವ ಹಾಗಿಲ್ಲದ್ದರಿಂದ ಭಾವ ಫೋನು ತೆಗೆದುಕೊಳ್ಳುವ ಕುರ್ಚಿಯಲ್ಲಿ ಕೂರುತ್ತಿದ್ದರು. ಗಂಟೆ ಹೊಡೆದಾಗಲೆಲ್ಲ ಅವರ ಕಾಲು ತಾನಾಗಿಯೇ ಬೂಟಿನ ಕಡೆಗೆ ಹೋಗುತ್ತಿತ್ತು. ಎರಡು ಹೆಜ್ಜೆ ಹೋಗಿ ನೆನಪಾಗಿ ನಿಲ್ಲುತ್ತಿದ್ದರು. ಹಿಂದಿರುಗಿ ಬಂದು ಗಾಡಿಗೆ ದಾರಿ ಹೇಳುತ್ತಿದ್ದರು, ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲದೆ. ಎಲ್ಲರೂ ವಾಪಸು ಬರುವವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನಾನು ಓಡುವವರನ್ನು, ಭಾರ ಎತ್ತುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಕುರ್ಚಿಯಲ್ಲಿ ಕೂರುವಷ್ಟು ಗಟ್ಟಿ ಮನುಷ್ಯರನ್ನು ನೋಡಿರಲಿಲ್ಲ.

ಹೀಗೇ ವಾರಗಳು ಕಳೆದು ನಿನ್ನೆ ಮರುಪರೀಕ್ಷೆ. ಈ ಸಲ ನಾನು ಬುದ್ಧಿವಂತಳಾಗಿದ್ದೆ. ಒಬ್ಬೊಬ್ಬರೇ ಹತ್ತಬೇಕು, ಭಾವ ಕೊನೆಯಲ್ಲಿ, ಯಾರೂ ಮುಟ್ಟಬಾರದು, ಕೂಗಬಾರದು ಎಂದೆ. ಎಲ್ಲರೂ ಮುಗಿಸಿದರು, ಡ್ರೈವರಣ್ಣನೂ. ಮುಗಿಸಿದವರು ಮನೆಗೆ ಹೋಗಲಿಲ್ಲ. ಮತ್ತೆ ಗೋಪುರ ಹತ್ತಿ ಒಂದೊಂದು ಅಂತಸ್ತಿನ ತಿರುವಿನಲ್ಲಿ ಒಬ್ಬೊಬ್ಬರಾಗಿ ಗೋಡೆಗೆ ಒರಗಿ ನಿಂತರು. ಮುಟ್ಟಲಿಲ್ಲ, ಕೂಗಲಿಲ್ಲ. ನನ್ನ ನಿಯಮ ಒಂದೂ ಮುರಿಯಲಿಲ್ಲ. ಭಾವನಿಗೆ ಮೇಲೆ ಹೋಗುವಾಗ ಪ್ರತಿ ತಿರುವಿನಲ್ಲೂ ಒಂದು ಮುಖ ಕಂಡಿತು, ಕೆಳಗೆ ಬರುವಾಗಲೂ. ಕೆಳಗೆ ಸೀಟಿ ಹಿಡಿದು ನಿಂತ ನನಗೆ ಬೂಟಿನ ಸದ್ದು ಮಾತ್ರ ಕೇಳುತ್ತಿತ್ತು. ನಿಂತುಹೋದರೆ ಎಂದು ಒಂದೊಂದೇ ಹೆಜ್ಜೆ ಎಣಿಸಿದೆ. ಸದ್ದು ನಿಲ್ಲಲಿಲ್ಲ.

ಹೊತ್ತು ಇನ್ನೂ ಉಳಿದಿತ್ತು ಅಕ್ಕ. ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಇನ್ನೊಮ್ಮೆ ನೋಡಿದರು, "ಸೋಮವಾರದಿಂದ ಗಾಡಿ ಹತ್ತಲಿ," ಎಂದರು. ಡ್ರೈವರಣ್ಣ ಯಾರನ್ನೂ ಕೇಳದೆ ನನ್ನ ಕೋಣೆಗೆ ನುಗ್ಗಿ ಭಾವನ ಹೆಲ್ಮೆಟ್ಟು ತಂದು ಗಾಡಿಯ ಕೊಕ್ಕೆಗೆ ತೂಗುಹಾಕಿದ. ನನಗೆ ಅಳು ಬಂದದ್ದು ಕಾಣಬಾರದೆಂದು ಸುಮ್ಮಸುಮ್ಮನೆ ಸೀಟಿ ಊದಿದೆ. ಎಲ್ಲರೂ ಗಾಬರಿಯಿಂದ ಸಾಲಾಗಿ ನಿಂತುಬಿಟ್ಟರು.

ಇಷ್ಟೇ ಕಥೆ. ಮಗಳಿಗೆ ಮೈ ಸರಿಹೋದ ಮೇಲೆ ಮನೆಗೆ ಬಾ. ಬರುವಾಗ ನಿಮ್ಮ ಮೂರನೇ ಮಹಡಿಯ ಮನೆಗೆ ಒಂದೇ ಉಸಿರಿಗೆ ಹತ್ತಬೇಕು. ನಿನ್ನ ಗಂಡ ಹತ್ತುತ್ತಾರೆ, ನೀನು ಹಿಂದೆ ಬಿದ್ದರೆ ಅವರು ನಿನಗೋಸ್ಕರ ನಿಲ್ಲುತ್ತಾರೆ, ಅದು ಅವರ ಚಾಳಿ.

ನಿನ್ನ ಬೈಗುಳ ತಿಂದೇ ಗಟ್ಟಿಯಾದ,
ತಂಗಿ

ಮರೆತ ಮಾತು: ಇದನ್ನು ಭಾವನಿಗೆ ಓದಲು ಕೊಟ್ಟೆ. ಒಂದು ವಿಷಯ ಬಿಟ್ಟಿದ್ದೀಯ, ಅದನ್ನೂ ಬರೆ ಎಂದರು. ಹೆಲ್ಮೆಟ್ಟು ಕೊಟ್ಟ ದಿನ ಅವರು ನನಗೆ ಹೇಳಿದ್ದು ಇದು: "ನೀನೇ ಇಳಿಸಿದೆ ಅಂತ ನಿಮ್ಮಕ್ಕನಿಗೆ ಹೇಳು. ಬೈತಾಳೆ, ತಡ್ಕೋ. ನಾನೇ ಇಳಿದೆ ಅಂದ್ರೆ, ನಾನು ಹೆದರಿದ್ದೀನಿ ಅಂತ ಅವಳಿಗೆ ಗೊತ್ತಾಗಿಬಿಡುತ್ತೆ. ಇಷ್ಟು ವರ್ಷ ಅವಳು ಕಣ್ಣು ಮುಚ್ಚಿ ನಿದ್ದೆ ಮಾಡಿದ್ದೇ ನಾನು ಹೆದರೋನಲ್ಲ ಅಂತ ನಂಬಿ." ಈಗ ಗೊತ್ತಾದರೆ ಆಗಲಿ ಎನ್ನುತ್ತಿದ್ದಾರೆ. ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ನೋಡಿದೆಯಾ? ಕಾಗದ ತಲುಪುವ ಹೊತ್ತಿಗೆ ಒಂದು ಸಂಜೆ ಫೋನು ಬರುತ್ತದೆ. ಅದು ನಾನಲ್ಲ. ಮಗುವಿನ ಕೈಗೆ ಕೊಡಬೇಡ.