ಕಾಲಿಗೆ ಕಟ್ಟಿಕೊಂಡ ತಾಳ

12 ಆಗಸ್ಟ್, ಮಂಗಳವಾರ, ಸಂಜೆ

ಮತ್ತೆ ಹುಮನಾಬಾದ್. ಮತ್ತೆ ಬಸ್ಸಿನ ಬಾಗಿಲಲ್ಲೇ ನಿಂತುಬಿಟ್ಟೆ. ಕಾಲು ನೆಲಕ್ಕೆ ಅಂಟಿಕೊಂಡಂತೆ. ಹಿಂದಿನವರು ನೂಕುತ್ತಾರೆ, ಕಂಡಕ್ಟರ್ ಕೂಗುತ್ತಾನೆ, ಮನೆಯವರು — ಧನರಾಜ — ತೋಳು ಹಿಡಿದು ಇಳಿಸಬೇಕು. ಮಕ್ಕಳಿಗೆ ಎಡ-ಬಲ ಕಲಿಸುತ್ತಲೇ ಕೂದಲು ಬೆಳ್ಳಗಾದ ಪಿ.ಟಿ. ಟೀಚರ್ ನಾನು. ಈಗ ನನ್ನ ಕಾಲಿಗೆ ಯಾರು ಹೇಳಬೇಕು? ಥೂ.

ಪಾರ್ಕಿನ್ಸನ್ ಅಂತ ಹೇಳಿ ಎರಡು ವರ್ಷ. ಮಾತ್ರೆಗೆ ಕೈನಡುಕ ಬಗ್ಗಿದೆ. ಕಾಲು ಬಗ್ಗಿಲ್ಲ.

ಅಲ್ಲಿಯ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡುವ ಇಶ್ರತ್ ಇವತ್ತು ಹೊಸದೊಂದು ತೆಗೆದಳು. ಎರಡು ಪಟ್ಟಿ, ಮೊಣಕಾಲಿನ ಕೆಳಗೆ ಕಟ್ಟುವುದು. ಮೊಬೈಲಿನಲ್ಲಿ ವೇಗ ಇಟ್ಟರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜುಂ ಅನ್ನುತ್ತದೆ. ಜುಂ ಅಂದ ಕಾಲು ಎತ್ತಬೇಕು, ಅಷ್ಟೇ. ಇದೇನು ಮಕ್ಕಳಾಟಿಕೆ ಅಂದೆ. ಕಟ್ಟಿಕೊಂಡು ಕಾರಿಡಾರಿನ ಆ ತುದಿಗೆ ನಡೆದೆ. ನಿಲ್ಲದೆ. ತಿರುಗಿದೆ. ಬಂದೆ. ಆಮೇಲೆ ಅವಳ ಹೆಗಲಿಗೆ ತಲೆಯಿಟ್ಟು ನಾಚಿಕೆ ಬಿಟ್ಟು ಅತ್ತೆ. ಸದ್ಯಕ್ಕೆ ಇಟ್ಟುಕೊಳ್ರಿ ಅಂತ ಕೊಟ್ಟು ಕಳಿಸಿದಳು.

15 ಆಗಸ್ಟ್

ಕುರ್ಚಿ. ಧ್ವಜದ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಪ್ಯಾರೇಡ್ ನಡೆಸಿದ್ದು ಸಂಜುಕುಮಾರ ಮಾಸ್ತರ್ — ಗಣಿತದವರು! ಅರ್ಧ ಮಕ್ಕಳದು ಬಲಗಾಲು ಮೊದಲು.

ಆಮೇಲೆ ಹೆಡ್‌ಮಾಸ್ಟರ್ ಓಂಪ್ರಕಾಶ ಸರ್ ಬಂದು, ಇನ್ನು ಮೇಲೆ ಆಫೀಸಿನಲ್ಲಿ ಕೂತು ಕೆಲಸ ನೋಡಿಕೊಳ್ಳಿ ಅಂದರು. ನಯವಾಗಿ. ಆ ನಯಕ್ಕೇ ಮೈ ಉರಿಯಿತು. ಸೆಪ್ಟೆಂಬರ್ ಹದಿನೇಳಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಇದೆಯಲ್ಲ, ಆ ಪ್ಯಾರೇಡ್ ನನಗೆ ಬಿಡಿ ಅಂದೆ. ಆಗದಿದ್ದರೆ ಹೇಳಿದಲ್ಲಿ ಕೂರುತ್ತೇನೆ ಅಂದೆ. ಒಪ್ಪಿದರು.

ಆ ಗ್ರೌಂಡ್ ಹೋದರೆ ನನಗೆ ಉಳಿಯುವುದೇನು... ಮಾತ್ರೆ ಡಬ್ಬಿ.

26 ಆಗಸ್ಟ್

ಬೆಳಿಗ್ಗೆ ಪಟ್ಟಿ ಕಟ್ಟುವುದು ಮನೆಯವರ ಕೆಲಸ. "ಎಮ್ಮಿ ಕಟ್ಟಿದಂಗ ಕಟ್ಟಾಕತ್ತೇನಿ ನೋಡು, ಎಲ್ಲಿ ಓಡಿ ಹೋಗಬ್ಯಾಡ" ಅಂದರು. ಎಷ್ಟು ದಿನವಾಗಿತ್ತು ಈ ಮನುಷ್ಯ ನನ್ನನ್ನು ಕಾಡಿಸಿ.

ಚೂಡಿದಾರದ ಒಳಗೆ ಪಟ್ಟಿ, ಯಾರಿಗೂ ಕಾಣುವುದಿಲ್ಲ. ಪ್ಯಾರೇಡ್ ಅಭ್ಯಾಸದಲ್ಲಿ ಅದು ಜುಂ ಅಂದಾಗ ಸೀಟಿ ಊದುತ್ತೇನೆ, ಮಕ್ಕಳು ಹಿಂದೆ ಹಿಂದೆ. ಒಮ್ಮೆಯೂ ನಿಲ್ಲಲಿಲ್ಲ. ಓಂಪ್ರಕಾಶ ಸರ್ ವರಾಂಡದಿಂದ ನೋಡಿ, ಭಾಳ ಸಾವಕಾಶ ಆಯ್ತಲ್ರಿ ಅಂದರು. ಹಾಗೇ ಇರಬೇಕು ಸರ್, ಘನತೆ ಇರುತ್ತದೆ ಅಂದೆ. ಹಸಿ ಸುಳ್ಳು. ನನ್ನ ರೋಗದ ವೇಗಕ್ಕೆ ಇಡೀ ಶಾಲೆಯ ಮಕ್ಕಳನ್ನು ಕಟ್ಟಿಹಾಕಿದ್ದೇನೆ.

ನನ್ನ ಬೆನ್ನಿಗೇ ಬಾವುಟ ಹಿಡಿದು ನಡೆಯುವವಳು ಜೈನಬಿ, ಏಳನೇ ಕ್ಲಾಸು. ಚುರುಕು ಹುಡುಗಿ. ಮತ್ತೆ ಮತ್ತೆ ಮುಂದೆ ಬರುತ್ತಾಳೆ. ಚೆನ್ನಾಗಿ ಬೈದೆ.

9 ಸೆಪ್ಟೆಂಬರ್, ಹುಮನಾಬಾದಿನಿಂದ ಬಂದ ಮೇಲೆ

ಇಶ್ರತ್‌ಗೆ ಪ್ಯಾರೇಡ್ ವಿಷಯ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಅಕ್ಕಾ, ಅಲ್ಲಿ ಬ್ಯಾಂಡ್ ಬಾರಸ್ತಾರೇನ್ರಿ? ಅದರ ತಾಳ ಬ್ಯಾರೆ, ಇದರ ತಾಳ ಬ್ಯಾರೆ ಆದ್ರ ಕಾಲು ಯಾವುದು ಕೇಳಬೇಕ್ರಿ?"

ಬ್ಯಾಂಡ್ ಇಲ್ಲ, ನನ್ನ ಸೀಟಿ ಮಾತ್ರ ಅಂದೆ. ಸುಳ್ಳೇನಲ್ಲ.

17 ಸೆಪ್ಟೆಂಬರ್

ಬರೆಯಲಾರೆ.

20 ಸೆಪ್ಟೆಂಬರ್

ಬರೆದು ಮುಗಿಸಬೇಕು.

ಓಂಪ್ರಕಾಶ ಸರ್ ಹೈಸ್ಕೂಲಿನ ಬ್ಯಾಂಡ್ ಸೆಟ್ ಕರೆಸಿದ್ದರು. ಮಕ್ಕಳಿಗೆ ಹುರುಪು ಬರಲಿ ಅಂತ. ಗ್ರೌಂಡಿಗೆ ಹೋದ ಮೇಲೆ ನನಗೆ ಗೊತ್ತಾಗಿದ್ದು. ಬೇಡ ಸರ್, ನನ್ನಿಂದ ಆಗದು — ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಲ್ಲೇ ಆ ಕುರ್ಚಿ ಕಾಣುತ್ತಿತ್ತು.

ಡ್ರಮ್ ಶುರುವಾಯಿತು. ಜೋರು. ಮಕ್ಕಳ ಕಾಲು ಡ್ರಮ್ಮಿನ ಹಿಂದೆ ಹೋಯಿತು, ಯಾವ ಮಕ್ಕಳದಾದರೂ ಹೋಗುತ್ತದೆ. ನನಗೆ ಕಿವಿಯಲ್ಲಿ ಒಂದು, ಕಾಲಲ್ಲಿ ಒಂದು. ಎಡ ಎತ್ತಲೋ ಬಲ ಎತ್ತಲೋ... ವೇದಿಕೆಯ ಎದುರಿಗೇ ಕಾಲು ನಿಂತಿತು. ಮೈ ಮಾತ್ರ ಮುಂದೆ ಹೋಯಿತು. ಜೈನಬಿ ಬಂದು ಬೆನ್ನಿಗೆ ಬಡಿದಳು, ಇಬ್ಬರೂ ಬಿದ್ದೆವು, ಅವಳ ಮೇಲೆ ಹಿಂದಿನ ಸಾಲು. ಹುಡುಗಿ ಬಾವುಟ ಬಿಡಲಿಲ್ಲ. ಅದನ್ನು ಎತ್ತಿ ಹಿಡಿದೇ ಬಿದ್ದಳು. ಇನ್ನೊಂದು ಕೈಯ ಮೊಣಕೈ ಮುರಿದಿದೆ.

ನನಗೆ ಒಂದು ಗೀರೂ ಇಲ್ಲ.

24 ಸೆಪ್ಟೆಂಬರ್

ಓಂಪ್ರಕಾಶ ಸರ್ ಫೋನ್. "ನಿಮ್ಮ ಹೆಸರು ಎಲ್ಲೂ ಬರೂದಿಲ್ರಿ. ಹುಡುಗಿನೇ ಗಡಬಡ ಮಾಡಿ ಮುಗ್ಗರಿಸ್ಯಾಳ ಅಂತ ಅವರ ಮನಿಯವ್ರಿಗೆ ಹೇಳೀವ್ರಿ."

ಇಲ್ಲ ಸರ್ ಅಂದೆನೇ? ಇಲ್ಲ. ಥ್ಯಾಂಕ್ಸ್ ಸರ್ ಅಂದೆ. ಥೂ ನನ್ನ ಜನ್ಮಕ್ಕೆ.

ರಜೆ ಹಾಕಿದ್ದೇನೆ. ಪಟ್ಟಿಗಳನ್ನು ಮನೆಯವರ ಕೈಯಲ್ಲಿ ಹುಮನಾಬಾದಿಗೆ ವಾಪಸ್ ಕಳಿಸಿದೆ. ಇಶ್ರತ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾಳೆ. ಎತ್ತಿಲ್ಲ. ಎತ್ತಿ ಏನು ಹೇಳಲಿ? ಪಟ್ಟಿ ಸರಿಯಾಗೇ ಇತ್ತು. ನನ್ನ ಹಠ ಸರಿ ಇರಲಿಲ್ಲ.

5 ಅಕ್ಟೋಬರ್, ಭಾನುವಾರ

ಜೈನಬಿ ಬಂದಿದ್ದಳು. ಒಬ್ಬಳೇ. ನಮ್ಮ ಮನೆಯವರು ಸಂತೆಗೆ ಹೋಗಿದ್ದರು. ಅಂಗಳದಲ್ಲೇ ನಿಂತಳು, ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು.

"ಟೀಚರ್, ನಾ ಗಡಬಡ ಮಾಡ್ದೆರಿ. ನನ್ನಿಂದ ನೀವು ಬಿದ್ರಿ. ಮಾಫ್ ಮಾಡ್ರಿ. ನನ್ನ ಸಲುವಾಗಿ ಶಾಲಿಗಿ ಬರೂದು ಬಿಡಬ್ಯಾಡ್ರಿ."

ಎದ್ದೆ. ಹತ್ತಿರ ಹೋಗಿ ತಲೆ ಸವರಿ, ನಿನ್ನದೇನೂ ಇಲ್ಲ ಮಗಳೇ ಅನ್ನಬೇಕು. ಹೊಸ್ತಿಲ ತನಕ ಬಂದೆ. ಕಾಲು ನಿಂತಿತು. ಎಡ ಅಂದೆ. ಬಲ ಅಂದೆ. ಬೇಡಿಕೊಂಡೆ. ಬಾಯಿ ತೆರೆದರೆ ದನಿ ಗಂಟಲಲ್ಲೇ ಉಳಿಯಿತು. ಮುಖವಾದರೂ ನಗಬೇಕಿತ್ತು. ಈ ರೋಗ ದನಿಯನ್ನೂ ಮುಖವನ್ನೂ ಬಿಗಿಯುತ್ತದೆ ಅಂತ ಆ ಮಗುವಿಗೆ ಏನು ಗೊತ್ತು? ಅವಳಿಗೆ ಕಂಡಿದ್ದು ಇಷ್ಟೇ: ಟೀಚರ್ ಬಾಗಿಲಲ್ಲಿ ನಿಂತಿದ್ದಾರೆ, ಮಾತಾಡುತ್ತಿಲ್ಲ, ದುರುಗುಟ್ಟಿ ನೋಡುತ್ತಿದ್ದಾರೆ.

"ಇನ್ನೂ ಸಿಟ್ಟು ಹೋಗಿಲ್ಲೇನ್ರಿ?" ಅಂದಳು.

ಕಾದಳು. ಕಣ್ಣು ತುಂಬಿತು. ಆಮೇಲೆ ಹೋಗಿಬಿಟ್ಟಳು.

ಮನೆಯವರು ಬಂದಾಗಲೂ ನಾನು ಅಲ್ಲೇ ನಿಂತಿದ್ದೆ.

6 ಅಕ್ಟೋಬರ್, ಬೆಳಿಗ್ಗೆ

ಇಶ್ರತ್‌ಗೆ ನಾನೇ ಫೋನ್ ಮಾಡಿದೆ. ಪಟ್ಟಿಗಳನ್ನು ರಾಜೇಶ್ವರ ಊರಿನ ಒಬ್ಬರಿಗೆ ಕೊಟ್ಟಿದ್ದಾಳೆ. ಅವರು ಹೊಲದ ತನಕ ನಡೆಯುತ್ತಿದ್ದಾರಂತೆ. ವಾಪಸ್ ಕೇಳುವ ಮುಖ ನನಗಿಲ್ಲ.

ಮನೆಯವರು ಆಟೋ ತರಲು ಹೋಗಿದ್ದಾರೆ. ಅವರ ತೋಳು ಹಿಡಿದಾದರೂ ಜೈನಬಿಯ ಮನೆಗೆ ಹೋಗಬೇಕು. ಅವಳ ಅಪ್ಪ-ಅಮ್ಮನ ಎದುರಿಗೇ ಹೇಳಬೇಕು. ಅಲ್ಲಿಯೂ ಗಂಟಲು ಕೈಕೊಟ್ಟರೆ? ಈ ಹಾಳೆಯನ್ನೇ ಹರಿದು ಅವಳ ಕೈಗೆ ಕೊಡುತ್ತೇನೆ.

ಜೈನಬಿ, ನೀನು ಗಡಬಡ ಮಾಡಲಿಲ್ಲ. ನಿನ್ನ ಹೆಜ್ಜೆ ಸರಿಯಾಗೇ ಇತ್ತು. ನಿಂತದ್ದು ನನ್ನ ಕಾಲು.