ದುಂಡು ದೋಸೆಯ ಷರತ್ತು

ಪ್ರೀತಿಯ ಸಿಂಧೂರ,

ಊಟದವರೆಲ್ಲ ಎದ್ದು ಹೋದರು, ಸಂಜೆಯ ತಿಂಡಿಯವರು ಇನ್ನೂ ಬಂದಿಲ್ಲ. ವಸಂತ್ ಕುಂಜ್‌ನ ನಮ್ಮ ಹೋಟೆಲ್ಲು ಉಸಿರು ಬಿಡುವುದು ಈ ಹೊತ್ತಿನಲ್ಲಿ ಮಾತ್ರ. ಗಲ್ಲಾದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಗೊತ್ತು. ಹಿಡಿಯಲಿ. ಬಾಯಲ್ಲಿ ಹೇಳಲು ಹೊರಟರೆ ಎರಡನೇ ಮಾತಿಗೇ ನಾನು ಜಗಳಕ್ಕಿಳಿಯುತ್ತೇನೆ, ನೀನು "ಚಿಲ್ ಪಪ್ಪಾ" ಎಂದು ಎದ್ದು ಹೋಗುತ್ತೀಯ.

ಇವತ್ತು ಬೆಳಿಗ್ಗೆ ನೀನು ಮತ್ತೆ ಬೈಕ್ ಹತ್ತಿ ಗ್ರೇಟರ್ ನೋಯ್ಡಾದ ಆಫೀಸಿಗೆ ಹೊರಟಾಗ ನಾನು ಒಳಗೆ ಸಾಂಬಾರು ನೋಡುತ್ತಿದ್ದೆ ಎಂದು ನಿನ್ನ ಅಮ್ಮ ಹೇಳಿರಬಹುದು. ಅದು ಶುದ್ಧ ಸುಳ್ಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ನೀನು ಆ ತಿರುವು ದಾಟಿ, ಆಫೀಸು ತಲುಪಿ, ಅಮ್ಮನ ಫೋನಿಗೆ ಫೋಟೋ ಕಳುಹಿಸುವವರೆಗೆ ಇಡ್ಲಿ ಕೇಳಿದವರಿಗೆ ವಡೆ ಕೊಟ್ಟೆ, ವಡೆ ಕೇಳಿದವರಿಗೆ ಏನು ಕೊಟ್ಟೆನೋ ದೇವರೇ ಬಲ್ಲ.

ಆ ತಿರುವನ್ನು ನಾನು ಮರೆತಿಲ್ಲ. ಕಳೆದ ಡಿಸೆಂಬರಿನ ಮಂಜು, ಯಾವುದೋ ಲಾರಿಯಿಂದ ರಸ್ತೆಗೆ ಚೆಲ್ಲಿದ ಮರಳು, ಅದರ ಮೇಲೆ ಜಾರಿದ ನಿನ್ನ ಚಕ್ರ. ಬಲಗೈಯ ಮಣಿಕಟ್ಟು ಮುರಿದಿತ್ತು, ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ಓಡಿ ಬಂದ ಅಪ್ಪನನ್ನು ನೋಡಿ ನೀನು ಕೇಳಿದ ಮೊದಲ ಮಾತು, "ಪಪ್ಪಾ, ಬೈಕ್ ಕಹಾಂ ಹೈ?" ಬೈಕ್ ಎಲ್ಲಿ ಅಂತೆ! ನನಗೆ ಬಂದ ಕೋಪಕ್ಕೆ ಅಳುವುದೇ ಮರೆತುಹೋಯಿತು.

ಊರಿಂದ ಚಿಕ್ಕಮ್ಮ ಫೋನ್ ಮಾಡಿ, "ಹೆಣ್ಣುಮಕ್ಕಳಿಗೆ ಬೈಕ್ ಎಂತಕ್ಕೆ ಮಾರಾಯ?" ಎಂದರು. "ಎಲ್ಲರ ಮನೆ ದೋಸೆಯೂ ತೂತೇ ಚಿಕ್ಕಮ್ಮ" ಎಂದು ಫೋನ್ ಇಟ್ಟೆ. ಆದರೆ ಒಳಗೊಳಗೆ ನಾನು ಚಿಕ್ಕಮ್ಮನ ಪಕ್ಷವೇ. ನಜ್ಜುಗುಜ್ಜಾದ ಬೈಕನ್ನು ರಿಪೇರಿ ಮಾಡಿಸಿ ಹಿತ್ತಲ ಗಲ್ಲಿಯಲ್ಲಿ ಈರುಳ್ಳಿ ಮೂಟೆಗಳ ಪಕ್ಕ ನಿಲ್ಲಿಸಿದೆವು. ಕೀಲಿ ನನ್ನ ಜೇಬಿಗೆ ಬಂತು. ಅಲ್ಲಿಂದ ಅದು ಹೊರಬರದಂತೆ ನೋಡಿಕೊಳ್ಳುವುದೊಂದೇ ನನ್ನ ಕೆಲಸ ಎಂದುಕೊಂಡಿದ್ದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಿನ್ನ ಕೈಯಲ್ಲಿ ನೀರಿನ ಲೋಟ ಕೂಡ ನಿಲ್ಲುತ್ತಿರಲಿಲ್ಲ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮೂರನೇ ದಿನಕ್ಕೇ ಸೋಫಾದ ಕೆಳಗೆ ಎಸೆದೆ. ಕೀಲಿ ಕೇಳುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ, ಎಲ್ಲರೆದುರು, ನನ್ನ ತಾಳ್ಮೆ ತಪ್ಪಿತು. "ನಮ್ಮ ಕಾವಲಿ ಮೇಲೆ ಒಂದು ದುಂಡು ದೋಸೆ ಹುಯ್ದು ತೋರಿಸು, ಆಮೇಲೆ ಕೀಲಿ ಕೇಳು" ಎಂದುಬಿಟ್ಟೆ. ದೋಸೆ ಹುಯ್ಯುವುದು ತೋಳಿನ ಕೆಲಸವಲ್ಲ, ಮಣಿಕಟ್ಟಿನ ಕೆಲಸ. ನನಗೇ ಅದು ಕೈಗೆ ಹತ್ತಲು ವರ್ಷಗಳು ಹಿಡಿದಿದ್ದವು. ದೆಹಲಿಯಲ್ಲೇ ಬೆಳೆದು, ಸೌಟನ್ನು ಬಡಿಸಲಿಕ್ಕೆ ಮಾತ್ರ ಹಿಡಿದವಳು ನೀನು. ಇನ್ನು ಈ ಜನ್ಮದಲ್ಲಿ ಕೀಲಿಯ ಮಾತಿಲ್ಲ ಎಂದು ಒಳಗೇ ಬೀಗಿದೆ.

ಮರುದಿನ ಬೆಳಿಗ್ಗೆ ನೀನು ಕೂದಲು ಕಟ್ಟಿಕೊಂಡು ಕಾವಲಿಯ ಮುಂದೆ ನಿಂತಿದ್ದೆ! ನಮ್ಮ ದೋಸೆ ಭಟ್ಟ ತಿಲಕ್ ನಿನ್ನ ಮೊದಲ ದೋಸೆ ನೋಡಿ, "ಇದು ದೋಸೆ ಅಲ್ಲ ಮಾರಾಯ್ತಿ, ಯುಪಿ ಮ್ಯಾಪು. ಇದ್ರಲ್ಲಿ ನಿನ್ನ ಆಫೀಸ್ ಎಲ್ಲುಂಟು ತೋರ್ಸು" ಎಂದ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ನೀನು ಅದನ್ನು ಕೆರೆದು ತೆಗೆದು, ಕಾವಲಿಗೆ ನೀರು ಚಿಮುಕಿಸಿ, ಇನ್ನೊಂದು ಸೌಟು ಹಿಟ್ಟು ಹುಯ್ದೆ. ನಿನ್ನ ಮ್ಯಾಪುಗಳನ್ನು ತಿಂದು ತಿಂದು ಅಡುಗೆಮನೆಯವರೆಲ್ಲ ದಪ್ಪಗಾದರು. ದಿನ ಕಳೆದಂತೆ ನನಗೆ ನಗು ಬರುವುದು ನಿಂತಿತು. ನೋವಿಗೆ ನಿನ್ನ ತುಟಿ ಬಿಳಿಚುತ್ತಿತ್ತು, ಸೌಟು ಮಾತ್ರ ಬೀಳುತ್ತಿರಲಿಲ್ಲ. ತಪಾಸಣೆಗೆ ಹೋದಾಗ ಕೈ ತಿರುಗಿಸಿ ನೋಡಿದ ಡಾಕ್ಟರು, ಬೈಕ್ ಓಡಿಸಲು ಅಡ್ಡಿಯಿಲ್ಲ ಎಂದು ಹೇಳಿ, ಯಾವ ವ್ಯಾಯಾಮ ಮಾಡಿದೆ ಎಂದು ಕೇಳಿದರು. ನೀನು ಗಂಭೀರವಾಗಿ "ಮಸಾಲೆ ದೋಸೆ" ಎಂದೆ. ನಿನ್ನನ್ನು ತಡೆಯಲೆಂದು ಹಾಕಿದ ಷರತ್ತೇ ನಿನ್ನ ಕೈ ಗುಣ ಮಾಡಿತ್ತು. ನನ್ನ ಬುದ್ಧಿವಂತಿಕೆಗೆ ಏನು ಹೇಳಲಿ!

ಅವತ್ತು ಸಂಜೆ ನಿನ್ನ ದೋಸೆ ಹೆಚ್ಚುಕಡಿಮೆ ದುಂಡಗಾಗಿತ್ತು, ಒಂದು ಕಡೆ ಸಣ್ಣ ಬಾಲ ಇತ್ತು ಅಷ್ಟೆ. ನನ್ನ ಮನಸ್ಸು ಕರಗಿತ್ತು. "ಅಚ್ಛಾ, ಪಾಸ್" ಎಂದು ಕೀಲಿ ಚಾಚಿದೆ. ನೀನು ಕೀಲಿಯ ಕಡೆ ನೋಡಲೂ ಇಲ್ಲ. "ಇದು ಗೋಲ್ ಇಲ್ಲ ಪಪ್ಪಾ. ತರಸ್ ಖಾಕೇ ಮತ್ ದೋ" ಎಂದು ಆ ದೋಸೆಯನ್ನು ಕೆರೆದು ಹಾಕಿದೆ. ದುಂಡಗಿಲ್ಲ, ಕನಿಕರದಿಂದ ಕೊಡುವುದು ಬೇಡ ಎಂದೆಯಲ್ಲ ಮಗಳೇ, ಆ ಕ್ಷಣ ನನ್ನ ಎದೆ ಉಬ್ಬಿದ್ದು ನಿನಗೆ ಕಾಣಬಾರದೆಂದು ನಾನು ತಿಲಕ್‌ನಿಗೆ ಸುಮ್ಮಸುಮ್ಮನೆ ಬೈದೆ. ಪಾಪ, ಅವನಿಗೆ ಇನ್ನೂ ಕಾರಣ ಗೊತ್ತಿಲ್ಲ.

ಆಮೇಲೆ ಆ ಭಾನುವಾರ ಬಂತು. ತಿಲಕ್‌ನಿಗೆ ಜ್ವರ, ಬಾಗಿಲವರೆಗೂ ಜನ, ಕಾವಲಿಯ ಮುಂದೆ ನೀನು. ನನ್ನೆದುರೇ ಒಂದು ತಟ್ಟೆ ಹಾದುಹೋಯಿತು. ಅದರಲ್ಲಿದ್ದ ಸಾದಾ ದೋಸೆಯ ಅಂಚಿನಲ್ಲಿ ಎಲ್ಲೂ ಬಾಲವಿಲ್ಲ, ತಗ್ಗಿಲ್ಲ, ಹುಣ್ಣಿಮೆ ಚಂದ್ರನ ಹಾಗಿತ್ತು. ನಿಲ್ಲಿಸಿ ಎಲ್ಲರಿಗೂ ತೋರಿಸಬೇಕೆನ್ನುವಷ್ಟರಲ್ಲಿ ಅದು ಮೇಜು ಸೇರಿತು. ಆ ಗಿರಾಕಿ ಫೋನಿನಲ್ಲಿ ಮಾತಾಡುತ್ತಾ ಅದನ್ನು ಪರಪರ ಮುರಿದು ಚಟ್ನಿಗದ್ದಿ ತಿಂದ. ನೀನೂ ತಲೆ ಎತ್ತಲಿಲ್ಲ, ಆಗಲೇ ಮುಂದಿನ ದೋಸೆಗೆ ಸೌಟು ಅದ್ದಿದ್ದೆ. ಲೋಕದಲ್ಲಿ ಅದನ್ನು ಕಂಡವನು ನಾನೊಬ್ಬನೇ. ಬಂದು ಹಿಟ್ಟಿನ ಪಾತ್ರೆಯ ಪಕ್ಕ ಕೀಲಿ ಇಟ್ಟೆ. ನೀನು ಹಣೆಯ ಬೆವರು ಒರೆಸಿ, ನನ್ನ ಮುಖ ನೋಡಿ, "ಗೋಲ್ ಇತ್ತಾ?" ಎಂದೆ. ನಾನು ತಲೆಯಾಡಿಸಿದೆ. ಆಗ ನೀನು ಕೀಲಿ ತೆಗೆದುಕೊಂಡೆ.

ಈಗ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ನಿನ್ನ ಫೋಟೋ ಬಂದಮೇಲೆ ನಾನು ಮಾರ್ಕೆಟ್ಟಿಗೆ ಹೋಗಿ ಒಂದು ಹೆಲ್ಮೆಟ್ ತಂದೆ. ಅಂಗಡಿಯ ಭಯ್ಯಾ ಮಗನಿಗೆಂದೇ ತಿಳಿದು, "ಬೇಟೇ ಕೇ ಲಿಯೇ, ಅಂಕಲ್?" ಎಂದ. "ನಹೀಂ, ಮೇರೇ ಲಿಯೇ. ಬೈಕ್ ಮೇರೀ ಬೇಟೀ ಚಲಾಯೇಗೀ" ಎಂದೆ. ಅವನಿಗೆ ಮೊದಲ ಸಲವೇ ಸರಿಯಾಗಿ ಕೇಳಿಸಿತ್ತು. ಆದರೂ ಹೆಲ್ಮೆಟ್ ನನಗೆ, ಬೈಕ್ ಓಡಿಸುವವಳು ನನ್ನ ಮಗಳು ಎಂದು ಇನ್ನೊಂದು ಸಲ ಹೇಳಿದೆ.

ಸಂಜೆ ಬಂದು ಇದನ್ನು ಓದಿದ ಕೂಡಲೇ ಹೊರಡೋಣ. ಆ ತಿರುವಿನ ತನಕ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗು. ನಾನು ದಾರಿಯುದ್ದಕ್ಕೂ "ನಿಧಾನ, ನಿಧಾನ" ಎನ್ನುತ್ತೇನೆ, ಅದನ್ನು ನೀನು ಕೇಳಿಸಿಕೊಳ್ಳಬೇಕಾಗಿಲ್ಲ.

ನಿನ್ನ ಕೈಗೆ ಬಲ ಇರಲಿ, ದಾರಿಯಲ್ಲಿ ಮರಳು ಇಲ್ಲದಿರಲಿ. ನೂರು ಕಾಲ ಸುಖವಾಗಿ ಓಡಿಸು, ಮಗಳೇ.

ಹೆಲ್ಮೆಟ್ ಹಾಕಿಕೊಂಡೇ ಗಲ್ಲಾದಲ್ಲಿ ಕೂತಿರುವ
ನಿನ್ನ ಅಪ್ಪ,
ಇಂದುಶೇಖರ